14 ನೂಲಿಗೆ ಒಂದು ಯು: ರೈಸ್ ಮಿಲ್ ಆಫೀಸಿಗೆ 15 ಯು ರ್ಯಾಕ್ ಕಟ್ಟಿದ್ದು

ದಾವಣಗೆರೆಯಿಂದ ಹರಿಹರದ ಕಡೆ ಹೋಗೋ ದಾರೀಲಿ ಒಂದು ರೈಸ್ ಮಿಲ್ ಇದೆ, ಅಲ್ಲಿನ ಕ್ಯಾಮೆರಾ, ನೆಟ್‌ವರ್ಕ್ ಕೆಲಸ ನಾನೇ ನೋಡ್ಕೊಳ್ಳೋದು. ಈ ಸಲ ಸಾಹುಕಾರ್ರು ಬಿಲ್ಲಿಂಗ್ ಸಾಫ್ಟ್‌ವೇರಿಗೆ ಅಂತ ಬೆಂಗಳೂರಿಂದ ಸೆಕೆಂಡ್ ಹ್ಯಾಂಡ್ ಸರ್ವರ್ ಒಂದನ್ನ ತರಿಸಿದ್ರು, 2 ಯು ಸರ್ವರ್ರು (ಯು ಅಂದ್ರೆ ರ್ಯಾಕಲ್ಲಿ ಎತ್ತರ ಎಣಿಸೋ ಅಳತೆ), ಕಂಡಿಷನ್ ಚೆನ್ನಾಗಿದೆ. ಫೋನ್ ಮಾಡಿ "ನೋಡಪ್ಪಾ, ಗೋಡೆ ಮೇಲಿನ ಆ ಡಬ್ಬೀಲಿ ಇದನ್ನೂ ಸೇರಿಸಿಬಿಡು, ಜಾಗ ಐತಲ್ಲ" ಅಂದ್ರು. ಡಬ್ಬಿ ಅಂದ್ರೆ ಅಲ್ಲಿ ಮೊದಲೇ ಇದ್ದ 9 ಯು ವಾಲ್ ರ್ಯಾಕ್, ನೆಟ್‌ವರ್ಕ್ ಸಾಮಾನುಗಳನ್ನ ಒಂದರ ಮೇಲೊಂದು ಸ್ಕ್ರೂ ಹಾಕಿ ಕೂರಿಸೋ ಗೋಡೆ ಪೆಟ್ಟಿಗೆ. ಅದನ್ನ ಹಾಕಿದ್ದು ನಾನಲ್ಲ, ನನಗಿಂತ ಮುಂಚೆ ಬೇರೆಯವರು ಹಾಕಿದ್ದು.

ಹೋಗಿ ಬಾಗಿಲು ತೆಗೆದು ಲೆಕ್ಕ ಹಾಕ್ದೆ. ಪ್ಯಾಚ್ ಪ್ಯಾನೆಲ್ (ಕೇಬಲ್‌ಗಳೆಲ್ಲ ಬಂದು ಸೇರೋ ಪಟ್ಟಿ) 1 ಯು, ನೆಟ್‌ವರ್ಕ್ ಸ್ವಿಚ್ 1 ಯು, ಕೇಬಲ್ ಮ್ಯಾನೇಜರ್ 1 ಯು, ಎನ್‌ವಿಆರ್ (ಕ್ಯಾಮೆರಾ ರೆಕಾರ್ಡಿಂಗ್ ಡಬ್ಬಿ) ಇಟ್ಟಿರೋ ಶೆಲ್ಫು, ಮೋಡೆಮ್ ಶೆಲ್ಫು, ಒಟ್ಟು 7 ಯು. 9ರಲ್ಲಿ 7 ಹೋದ್ರೆ 2 ಉಳೀಬೇಕು, ಕಾಗದದ ಮೇಲೆ ಸಾಹುಕಾರ್ರ ಮಾತು ಸರಿ. ಆದ್ರೆ ಒಳಗೆ ನೋಡಿದ್ರೆ 2 ಯು ಖಾಲಿ ಜಾಗ ಅನ್ನೋದು ಎಲ್ಲೂ ಒಂದೇ ಕಡೆ ಇಲ್ಲ, ಇಲ್ಲೊಂದು ಬೆರಳು ಸಂದಿ ಅಲ್ಲೊಂದು ಎರಡು ಬೆರಳು ಸಂದಿ ಅಂತ ಚೂರು ಚೂರಾಗಿ ಹಂಚಿ ಹೋಗಿದೆ. ಯಾಕಂತ ನೋಡಿದ್ರೆ ಸ್ವಿಚ್ಚಿಗೆ ಆ ಕಡೆ ಒಂದು ಈ ಕಡೆ ಒಂದು ಸ್ಕ್ರೂ ಅಷ್ಟೇ, ಅದೂ ಒಂದು ತೂತು ಮೇಲಕ್ಕೆ ಸರಿದು ಕೂತಿದೆ, ಅದರ ಮೇಲಿನ ಪ್ಯಾನೆಲ್ಲು ಅದಕ್ಕೆ ತಕ್ಕ ಹಾಗೆ ಇನ್ನೂ ಸರಿದಿದೆ. ರ್ಯಾಕಲ್ಲಿ ಒಂದು ತೂತು ತಪ್ಪಿ ಕೂರಿಸಿದ್ರೆ ಹೋಗೋದು ಒಂದು ತೂತಿನ ಜಾಗ ಅಲ್ಲ, ಕೆಳಗಿನ ಯು ಅರೆಬರೆ ಆಗುತ್ತೆ, ಮೇಲಿನ ಯು ಕೂಡ ಅರೆಬರೆ ಆಗುತ್ತೆ, ಎರಡಕ್ಕೂ ಇನ್ನೇನೂ ಕೂರಲ್ಲ.

ಇನ್ನೊಂದು ವಿಷಯ, ಅದೇ ದೊಡ್ಡದು: ಆ ರ್ಯಾಕಿನ ಆಳ 450 ಮಿ.ಮೀ., ಸರ್ವರ್ ಉದ್ದ ಟೇಪ್ ಹಿಡಿದು ನೋಡಿದ್ರೆ 28 ಇಂಚು, ಅಂದ್ರೆ 700 ಮಿ.ಮೀ. ಮೇಲೆ. ಯು ಅನ್ನೋದು ಎತ್ತರದ ಲೆಕ್ಕ ಮಾತ್ರ, ಆಳದ ಬಗ್ಗೆ ಅದು ಏನೂ ಹೇಳಲ್ಲ. 2 ಯು ಅಂತ ಬರೆದಿದ್ರೆ ಮುಂದಿನಿಂದ ನೋಡಿದಾಗ ಎಷ್ಟು ಎತ್ತರ ತಗೊಳ್ಳುತ್ತೆ ಅಂತ ಗೊತ್ತಾಗುತ್ತೆ ಅಷ್ಟೇ, ಹಿಂದೆ ಬಾಲ ಎಷ್ಟುದ್ದ ಇದೆ ಅಂತ ಬೇರೆ ನೋಡ್ಲೇಬೇಕು. ಸಾಹುಕಾರ್ರಿಗೆ ಸರ್ವರನ್ನ ರ್ಯಾಕಿನ ಪಕ್ಕ ಹಿಡಿದು ತೋರಿಸ್ದೆ, ತಕ್ಷಣ ಅರ್ಥ ಆಯ್ತು. "ಹಂಗಾದ್ರೆ ಹೊಸದು ಮಾಡ್ಸು, ಮೆಟ್ಟಿಲ ಕೆಳಗೆ ಜಾಗ ಐತೆ, ಗಟ್ಟಿ ಇರಬೇಕು" ಅಂದ್ರು.

ರೆಡಿಮೇಡ್ ಫ್ಲೋರ್ ರ್ಯಾಕ್ ವಿಚಾರಿಸ್ದೆ, ಮೆಟ್ಟಿಲ ಕೆಳಗೆ ರ್ಯಾಕ್ ನಿಲ್ಲೋ ಜಾಗದಲ್ಲಿ ನನಗೆ ಸಿಗೋದು 36 ಇಂಚು ಎತ್ತರ, ಅಷ್ಟರಲ್ಲಿ ಸರ್ವರ್ ಹಿಡಿಯೋ ಆಳದ್ದು ಯಾವುದೂ ಕೈಗೆ ಸಿಗ್ಲಿಲ್ಲ. ಹಳೇ ಪಿ.ಬಿ. ರೋಡ್ ಕಡೆ ನಮಗೆ ಗೊತ್ತಿರೋ ಒಂದು ವೆಲ್ಡಿಂಗ್ ಅಂಗಡಿ ಇದೆ, ಗೇಟು, ಗ್ರಿಲ್ಲು, ಮಿಲ್ಲಿನ ಎಲಿವೇಟರ್ ರಿಪೇರಿ ಎಲ್ಲಾ ಮಾಡೋ ಅಣ್ಣ, ಕೈ ಭಾರಿ ಚೊಕ್ಕ. ಎಲ್ ಆಕಾರದ ಕಬ್ಬಿಣದ ಆಂಗಲಲ್ಲೇ ನಾಲ್ಕು ಕಾಲಿನ ಓಪನ್ ರ್ಯಾಕ್ ಕಟ್ಟಿಸೋಣ ಅಂತ ತೀರ್ಮಾನ ಆಯ್ತು.

ಇಲ್ಲಿ ನನ್ನಿಂದ ಒಂದು ತಪ್ಪಾಯ್ತು, ಅದನ್ನ ಪೂರ್ತಿ ಹೇಳ್ತೀನಿ, ಯಾಕಂದ್ರೆ ಇದೇ ಕೆಲಸ ಮಾಡೋ ಯಾರಿಗಾದ್ರೂ ಇದು ಆಗಬಹುದು. ಅಣ್ಣನಿಗೆ ಫೋನಲ್ಲಿ "ಒಂದು ಯುಗೆ ಒಂದೂಮುಕ್ಕಾಲು ಇಂಚು, ಅದರಲ್ಲಿ ಮೂರು ತೂತು, ಅಂಥವು ಹದಿನೈದು" ಅಂತ ಹೇಳಿ ಬಿಟ್ಟೆ. ಹೇಳಿದ್ದರಲ್ಲಿ ಸುಳ್ಳೇನಿಲ್ಲ, 1 ಯು ಅಂದ್ರೆ 1.75 ಇಂಚು, ಅಂದ್ರೆ 44.45 ಮಿ.ಮೀ., ಅದರಲ್ಲಿ ಮೂರು ತೂತು. ಆದ್ರೆ ಮೂರು ತೂತು ಅಂದ್ರೆ ಯಾರೇ ಆಗ್ಲಿ ಸಮಸಮ ಹಂಚ್ತಾರೆ ಅಲ್ವಾ, ಅಣ್ಣನೂ ಹಾಗೇ 15 ಮಿ.ಮೀ.ಗೆ ಒಂದರಂತೆ ಒಂದು ಆಂಗಲ್ ಪೂರ್ತಿ 45 ತೂತು ಹೊಡೆದು ಇಟ್ಟಿದ್ರು, ಸಾಲು ನೋಡೋಕೆ ಬಾಚಣಿಗೆ ಹಲ್ಲಿನ ಹಾಗೆ ಚೆಂದ. ಪ್ಯಾಚ್ ಪ್ಯಾನೆಲ್ ತಗೊಂಡು ಹೋಗಿ ಹಿಡಿದ್ರೆ ಮೇಲಿನ ತೂತು ಕೂತ್ರೆ ಕೆಳಗಿಂದು ಕೂರಲ್ಲ, ಕೆಳಗಿಂದು ಕೂತ್ರೆ ಮೇಲಿಂದು ಕೂರಲ್ಲ. ಪ್ಯಾನೆಲ್ ಕಿವೀಲಿ (ಸ್ಕ್ರೂ ಹಾಕೋಕೆ ಎರಡೂ ಪಕ್ಕ ಚಾಚಿರೋ ಪಟ್ಟಿ) ಎರಡು ತೂತಿನ ನಡುವೆ 31.75 ಮಿ.ಮೀ. ಇದೆ, ಅಣ್ಣ ಹೊಡೆದ ಸಾಲಲ್ಲಿ ಒಂದು ಬಿಟ್ಟು ಒಂದಕ್ಕೆ 30. ಒಂದೂಮುಕ್ಕಾಲು ಮಿ.ಮೀ. ಅಷ್ಟೇ, ಆದ್ರೂ ಬೋಲ್ಟ್ ಹೋಗಲ್ಲ. ಕಿವಿಯ ತೂತು ಮೊಟ್ಟೆಯಾಕಾರ ಇರುತ್ತೆ ನಿಜ, ಆದ್ರೆ ಅದು ಅಡ್ಡಕ್ಕೆ ಉದ್ದ, ಎಡ ಬಲ ಸರಿಸೋಕೆ ಅಂತ ಇರೋದು, ಮೇಲೆ ಕೆಳಗೆ ಅದರಲ್ಲಿ ಆಟ ಇಲ್ಲ.

ಅಣ್ಣನಿಗೆ ಬೇಜಾರಾಯ್ತು, ನನಗೂ ಆಯ್ತು. ಅಲ್ಲೇ ಕೂತು ಪ್ಯಾನೆಲ್ ಮತ್ತೆ ಹಳೇ ರ್ಯಾಕಿನ ಫೋಟೋ ಇಟ್ಕೊಂಡು ಮಿ.ಮೀ.ನಲ್ಲಿ ಬರೆದು ತೋರಿಸ್ದೆ: 15.875, ಆಮೇಲೆ 15.875, ಆಮೇಲೆ 12.7. ಅಣ್ಣ ಆ ಚೀಟಿ ನೋಡಿ "ಇದೇನ್ ತಮ್ಮಾ, ಪಾಯಿಂಟು ಎಂಟು ಏಳು ಐದು ಅಂದ್ರೆ ನಾನೆಲ್ಲಿ ಗೀರಲಿ, ಇಂಚಲ್ಲಿ ಹೇಳು" ಅಂದ್ರು. ಇಂಚಿಗೆ ಹಾಕಿದ್ರೆ ಎಂಟರಲ್ಲಿ ಐದು ಪಾಲು, ಎಂಟರಲ್ಲಿ ಐದು ಪಾಲು, ಅರ್ಧ ಇಂಚು. ಅಣ್ಣ ತಕ್ಷಣ "ಐದು ನೂಲು, ಐದು ನೂಲು, ನಾಲ್ಕು ನೂಲು, ಅಷ್ಟೇ ಏನು? ಮೊದಲೇ ಹೇಳಬಾರದಾ" ಅಂದ್ರು.

ಅಲ್ಲಿಗೆ ನನಗೂ ಕಣ್ಣು ಬಿಟ್ಟ ಹಾಗಾಯ್ತು. ಇಷ್ಟು ವರ್ಷ ರ್ಯಾಕ್ ಕೆಲಸ ಮಾಡಿದೀನಿ, 44.45 ಅನ್ನೋ ನಂಬರ್ ಬಾಯಿಪಾಠ, ಆದ್ರೆ ಅದು ಯಾಕೆ ಅಂಥ ವಿಚಿತ್ರ ನಂಬರ್ ಅಂತ ಯೋಚ್ನೆ ಮಾಡಿರ್ಲಿಲ್ಲ. ಬಡಗಿಗಳು, ವೆಲ್ಡಿಂಗ್‌ನೋರು ಇಂಚಿನ ಎಂಟನೇ ಒಂದು ಭಾಗಕ್ಕೆ ನೂಲು ಅಂತಾರೆ. ಆ ಲೆಕ್ಕದಲ್ಲಿ 1 ಯು ಅಂದ್ರೆ ಸರಿಯಾಗಿ 14 ನೂಲು, ಒಂಚೂರೂ ಆಚೆ ಈಚೆ ಇಲ್ಲ. ತೂತಿನ ಲೆಕ್ಕ 5, 5, 4. ಈ ಅಳತೆ ಹುಟ್ಟಿದ್ದೇ ಇಂಚಿನಲ್ಲಿ, ಅಮೆರಿಕದ ಹಳೇ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಉಪಕರಣ ಜೋಡಿಸ್ತಿದ್ದ 19 ಇಂಚಿನ ಚೌಕಟ್ಟಿಂದ ಬಂದಿದ್ದು, ಆಮೇಲೆ ಇಐಎ-310 ಅನ್ನೋ ಸ್ಟ್ಯಾಂಡರ್ಡಲ್ಲಿ ಅದನ್ನ ಬರೆದಿಟ್ರು, ಮಿ.ಮೀ. ಅನ್ನೋದು ಅದರ ಮೇಲೆ ಹೊದಿಸಿದ ಅನುವಾದ ಅಷ್ಟೇ. ಅದಕ್ಕೇ ಮಿ.ಮೀ.ನಲ್ಲಿ ಗಂಟುಗಂಟಾಗಿ ಕಾಣೋದು ನೂಲಲ್ಲಿ ನೀರು ಕುಡಿದಷ್ಟು ಸಲೀಸು.

ಇನ್ನು ಆ 5, 5, 4ರಲ್ಲಿ ಒಂದು ಯು ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ ಅನ್ನೋದು ಮುಖ್ಯ. ತುಂಬಾ ಜನ ಮೊದಲನೇ ತೂತಿಂದ ಯು ಶುರು ಅನ್ಕೋತಾರೆ, ಹಾಗಲ್ಲ. ಆ 4 ನೂಲಿನ ಕಿರಿದಾದ ಸಂದಿ ಇದೆಯಲ್ಲ, ಅದರ ನಟ್ಟನಡುವೆ ಗಡಿ. ಅಂದ್ರೆ ಗಡಿಯಿಂದ 2 ನೂಲು ಬಿಟ್ಟು ಮೊದಲ ತೂತು, 5 ನೂಲಿಗೆ ಎರಡನೇದು, ಇನ್ನೈದಕ್ಕೆ ಮೂರನೇದು, ಮತ್ತೆ 2 ನೂಲು ಬಿಟ್ರೆ ಮುಂದಿನ ಗಡಿ. 2+5+5+2, ಹದಿನಾಲ್ಕು. ನಂಬರ್ ಬರೀದೇ ಇರೋ ರ್ಯಾಕ್ ಮುಂದೆ ನಿಂತಾಗ ಕಣ್ಣಲ್ಲೇ ಹುಡುಕಬೇಕಾದ್ದು ಇದನ್ನೇ: ಎರಡು ತೂತು ಎಲ್ಲಿ ಹತ್ತಿರ ಹತ್ತಿರ ಇವೆ, ಅಲ್ಲೇ ಒಂದು ಯು ಮುಗಿದು ಇನ್ನೊಂದು ಶುರು ಆಗಿದೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗ್ದಿದ್ರೆ ಬೆರಳು ಆಡಿಸಿ ನೋಡಿ, ಗೊತ್ತಾಗುತ್ತೆ. ಒಂದು ಯು ಪ್ಯಾನೆಲ್ಲಿನ ಎರಡು ಸ್ಕ್ರೂಗೆ 10 ನೂಲು ದೂರ, ಅದು ಒಂದೇ ಯು ಒಳಗಿನ ಮೊದಲ ತೂತು, ಮೂರನೇ ತೂತಿಗೆ ಮಾತ್ರ ಕೂರುತ್ತೆ, ಒಂದು ತೂತು ಜಾರಿಸಿ ಹಾಕಿದ್ರೆ 5+4, ಒಂಬತ್ತೇ ಆಗೋದು, ಬೋಲ್ಟ್ ಹೋಗೋದೇ ಇಲ್ಲ. ಅಂದ್ರೆ ಎರಡೂ ಸ್ಕ್ರೂ ಹಾಕ್ತೀನಿ ಅಂತ ಹಟ ಹಿಡಿದ್ರೆ ರ್ಯಾಕೇ ನಿಮ್ಮನ್ನ ತಪ್ಪು ಮಾಡೋಕೆ ಬಿಡಲ್ಲ. ಹಳೇ ವಾಲ್ ರ್ಯಾಕಲ್ಲಿ ಒಂದೊಂದೇ ಸ್ಕ್ರೂ ಹಾಕಿದ್ದಕ್ಕೇ ಆ ಗತಿ ಆಗಿದ್ದು.

ಗುರುತು ಹಾಕೋ ಕೆಲಸಕ್ಕೆ ಒಂದು ಮಧ್ಯಾಹ್ನ ಪೂರ್ತಿ ಹೋಯ್ತು, ಆದ್ರೆ ಅಲ್ಲಿ ಅವಸರ ಮಾಡಬಾರದು. ನಮ್ಮ ಹುಡುಗ ಕೈವಾರ ತಗೊಂಡು ಒಂದು ತೂತಿಂದ ಮುಂದಿನ ತೂತಿಗೆ ಹೆಜ್ಜೆ ಹಾಕ್ಕೊಂಡು ಹೋಗೋಕೆ ನೋಡ್ದ, ತಡೆದೆ. ಒಂದೊಂದು ಹೆಜ್ಜೇಲಿ ಅರ್ಧ ಮಿ.ಮೀ. ತಪ್ಪಿದ್ರೂ 45ನೇ ತೂತಿಗೆ ಹೋಗೋ ಹೊತ್ತಿಗೆ 22 ಮಿ.ಮೀ. ತಪ್ಪಾಗುತ್ತೆ, ಅರ್ಧ ಯು! ಅದಕ್ಕೆ ಎಲ್ಲಾ ಗುರುತೂ ಒಂದೇ ಸೊನ್ನೆಯಿಂದ ಹಾಕ್ಬೇಕು. ಆಂಗಲಿನ ಕೆಳತುದಿಯಿಂದ ಪಾಯಕ್ಕೆ ಅಂತ 2 ಇಂಚು 6 ನೂಲು ಬಿಟ್ಟು ಒಂದು ಗೀರು ಎಳೆದ್ವಿ, ಅದೇ ಸೊನ್ನೆ. ಸ್ಟೀಲ್ ಸ್ಕೇಲನ್ನ ಅಲ್ಲಿಗೆ ಕ್ಲಾಂಪ್ ಮಾಡಿ ಅಲ್ಲಾಡದ ಹಾಗೆ ಇಟ್ಟು, ನಾನು ಓದೋದು, ಹುಡುಗ ಗೀರೋದು: ಕಾಲು ಇಂಚು, ಏಳು ನೂಲು, ಒಂದೂವರೆ. ಎರಡು, ಎರಡು ಇಂಚು ಐದು ನೂಲು, ಮೂರೂಕಾಲು. ಮೂರೂಮುಕ್ಕಾಲು, ನಾಲ್ಕು ಇಂಚು ಮೂರು ನೂಲು, ಐದು. ಐದೂವರೆ, ಆರು ಇಂಚು ಒಂದು ನೂಲು, ಆರೂಮುಕ್ಕಾಲು. ಇಲ್ಲಿಗೆ 4 ಯು ಆಯ್ತು, ಗಡಿ ಸರಿಯಾಗಿ 7 ಇಂಚಿನ ಮೇಲೆ ಬಂತು. ಇದು ತುಂಬಾ ಉಪಯೋಗಕ್ಕೆ ಬರೋ ಮಾತು, 4 ಯು ಅಂದ್ರೆ 7 ಇಂಚು, 8 ಯು 14 ಇಂಚು, 12 ಯು 21 ಇಂಚು, ಪ್ರತಿ ಏಳು ಇಂಚಿಗೆ ಅದೇ ಪಾಠ ಮತ್ತೆ ಶುರು, ಹಾಗಾಗಿ ಅಲ್ಲಲ್ಲಿ ನಿಲ್ಲಿಸಿ ತಾಳೆ ನೋಡಬಹುದು. 15 ಯುಗೆ ಕೊನೇ ಗಡಿ 26 ಇಂಚು 2 ನೂಲು. ಮೇಲೆ ಎರಡಿಂಚು ಬಿಟ್ಟು ಕಾಲು ಒಟ್ಟು 31 ಇಂಚು.

ಹುಡುಗ "ಅಣ್ಣಾ, ದೊಡ್ಡ ಡೇಟಾ ಸೆಂಟರಲ್ಲಿ 42 ಯು ಇರುತ್ತಲ್ಲ, ಅದೆಷ್ಟು" ಅಂತ ಕೇಳ್ದ. 40 ಯುಗೆ 70 ಇಂಚು, ಮೇಲೆರಡಕ್ಕೆ ಮೂರೂವರೆ, ಎಪ್ಪತ್ತಮೂರೂವರೆ ಇಂಚು ಅಂತ ಅವನೇ ಬಾಯಲ್ಲೇ ಹೇಳ್ದ. ಅದು ಒಳಗಿನ ತೂತಿನ ಸಾಲಿನ ಎತ್ತರ ಮಾತ್ರ, ಹೊರಗಿನ ಪೆಟ್ಟಿಗೆ, ಚಕ್ರ, ಮೇಲಿನ ಫ್ಯಾನ್ ಎಲ್ಲಾ ಸೇರಿದ್ರೆ ಇನ್ನೂ ಜಾಸ್ತಿ. ಬಾಗಿಲಲ್ಲಿ ತೂರುತ್ತಾ ಅಂತ ನೋಡೋವಾಗ ಹೊರಗಿನ ಅಳತೆ ಕೇಳ್ಬೇಕು. ಇನ್ನೊಂದು, ಜರ್ಮನಿ ಕಡೆಯ ಕ್ಯಾಬಿನೆಟ್ ಕಾಗದಗಳಲ್ಲಿ ಯು ಬದ್ಲು ಎಚ್‌ಇ ಅಂತ ಇರುತ್ತೆ, ಕೆಲವು ಕಡೆ ಆರ್‌ಯು ಅಂತಾರೆ, ಮೂರೂ ಒಂದೇ.

ಅಗಲದ ಕಡೆ ಬೇಗ ಹೇಳ್ತೀನಿ. 19 ಇಂಚು ಅನ್ನೋದು ಪ್ಯಾನೆಲ್ಲಿನ ಕಿವಿಯಿಂದ ಕಿವಿಗೆ, 482.6 ಮಿ.ಮೀ. ಎಡ ಬಲ ತೂತಿನ ನಡುವೆ 465.1 ಮಿ.ಮೀ., ಎರಡು ಕಾಲಿನ ನಡುವಿನ ಬಾಯಿ ಕಮ್ಮಿ ಅಂದ್ರೂ 450 ಇರಬೇಕು. ಹಾಗಾಗಿ ಆಂಗಲಿನ ಒಳ ಅಂಚಿಂದ ತೂತಿನ ಸೆಂಟರಿಗೆ ಏಳೂವರೆ ಮಿ.ಮೀ. 40 ಬೈ 40 ಬೈ 5ರ ಆಂಗಲ್ ತಗೊಂಡ್ವಿ, ಮೂಲೆ ಹೊರಗೆ ಬರೋ ಹಾಗೆ ನಿಲ್ಲಿಸಿದ್ವಿ, ಯಾಕಂದ್ರೆ ಮೂಲೆ ಒಳಗೆ ಬಂದ್ರೆ ತೂತಿನ ಹಿಂದೇನೇ ಕಬ್ಬಿಣ ನಿಂತು ಟ್ಯಾಪ್ (ಬೋಲ್ಟ್ ತಿರುಗೋ ಹಾಗೆ ತೂತಿಗೆ ಮರೆ ಕೊರೆಯೋ ಸಾಧನ) ತಿರುಗಿಸೋಕೂ ಜಾಗ ಇರಲ್ಲ, ಪಕ್ಕಕ್ಕೆ ಸರ್ವರ್ ಹೊರೋ ರೇಲ್ ಕೂರಿಸೋಕೂ ಆಗಲ್ಲ. ಅಂಗಡಿ ರ್ಯಾಕಲ್ಲಿ ಚೌಕದ ತೂತು, ಅದಕ್ಕೆ ಕಚ್ಚಿಸೋ ಕೇಜ್ ನಟ್ ಇರುತ್ತೆ, ನಮಗೆ ಚೌಕ ಹೊಡೆಯೋಕಾಗಲ್ಲ, ಅದಕ್ಕೆ 5 ಮಿ.ಮೀ. ಡ್ರಿಲ್ ಹಾಕಿ ಎಂ6 ಟ್ಯಾಪ್ ಮಾಡಿದ್ವಿ. ಆಂಗಲ್ 5 ಮಿ.ಮೀ. ದಪ್ಪ ತಗೊಂಡಿದ್ದೂ ಇದಕ್ಕೇ, 3 ಮಿ.ಮೀ. ಆದ್ರೆ ಮೂರೇ ಮೂರು ಸುತ್ತು ಮರೆ ಸಿಗೋದು, ಎರಡು ಸಲ ಬಿಚ್ಚಿ ಹಾಕಿದ್ರೆ ಮುಗೀತು. ಮುಂದಿನ ಎರಡು ಕಾಲಿಗೆ 90 ತೂತು, ಹಿಂದೆ ಬೇಕಾದ ಕಡೆ ಮಾತ್ರ. ಪ್ರತಿ ತೂತಿಗೂ ಎಣ್ಣೆ ಬಿಟ್ಟು, ಅರ್ಧ ಸುತ್ತು ಮುಂದೆ ಕಾಲು ಸುತ್ತು ಹಿಂದೆ. ಒಂದು ಟ್ಯಾಪೂ ಮುರೀಲಿಲ್ಲ.

ವೆಲ್ಡಿಂಗಲ್ಲಿ ಅಣ್ಣ ಮಾಡಿದ ಉಪಾಯ ನನಗೆ ತುಂಬಾ ಇಷ್ಟ ಆಯ್ತು. ಟೇಪ್ ಹಿಡಿದು ಅಗಲ ನೋಡೋ ಬದ್ಲು, ಎರಡು ಖಾಲಿ ಸ್ಟೀಲ್ ಬ್ಲ್ಯಾಂಕ್ ಪ್ಯಾನೆಲ್ಲನ್ನ 1ನೇ ಯುಗೆ ಒಂದು 15ನೇ ಯುಗೆ ಒಂದು ಬೋಲ್ಟ್ ಹಾಕಿ ಬಿಗಿದು, ಆಮೇಲೆ ಅಡ್ಡಪಟ್ಟಿ ಇಟ್ಟು ಟಾಕಾ ಹೊಡೆದ್ರು. ವೆಲ್ಡ್ ಆರೋವಾಗ ಕಬ್ಬಿಣ ಎಳ್ಕೊಳ್ಳುತ್ತೆ, ಪ್ಯಾನೆಲ್ ಬಿಗಿದಿರೋದ್ರಿಂದ ಎಳೆದ್ರೂ ತೂತಿನ ಅಳತೆ ಬಿಡಲಿಲ್ಲ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದು ಒಂದೇ ಬಂದ ಮೇಲೇನೇ ಪೂರ್ತಿ ವೆಲ್ಡ್. ರೆಡ್ ಆಕ್ಸೈಡ್, ಮೇಲೆ ಕಪ್ಪು ಪೇಂಟು. ಪೇಂಟ್ ಮರೆಯೊಳಗೆ ತುಂಬ್ಕೊಂಡಿತ್ತು, ಮತ್ತೊಂದು ಸಲ 90ಕ್ಕೂ ಟ್ಯಾಪ್ ಓಡಿಸ್ಬೇಕಾಯ್ತು, ಮೊದಲೇ ತೂತಿಗೆ ಮೇಣ ತುಂಬಿದ್ರೆ ಈ ಕೆಲಸ ಉಳೀತಿತ್ತು.

ಕೂರಿಸೋ ದಿನ ಇನ್ನೊಂದು ಪಾಠ. ಸರ್ವರಿನ ಜೊತೆ ಬಂದಿದ್ದ ರೇಲ್ ಚೌಕ ತೂತಿಗೆ ಅಂತ ಮಾಡಿದ್ದು, ನಮ್ಮದರಲ್ಲಿ ಕಚ್ಚಿಕೊಳ್ಳಲ್ಲ. ಅದಕ್ಕೆ ಮುಂದಿನಿಂದ ಹಿಂದಿನ ಕಾಲಿನವರೆಗೆ ಆ ಕಡೆ ಈ ಕಡೆ ಒಂದೊಂದು ಇಂಚಿನ ಸಣ್ಣ ಆಂಗಲ್ ಕೊಟ್ಟು, ಸರ್ವರ್ ಅದರ ಮೇಲೆ ಕೂರೋ ಹಾಗೆ ಮಾಡೋದು ಅಂದ್ಕೊಂಡ್ವಿ. ಆದ್ರೆ ಲೆಕ್ಕ ನೋಡಿ: 2 ಯು ಅಂದ್ರೆ 88.9 ಮಿ.ಮೀ., ಸರ್ವರ್ ಅಳೆದ್ರೆ 87. ಉಳಿದಿದ್ದು ಎರಡು ಮಿ.ಮೀ.ಗೂ ಕಮ್ಮಿ. ಆಧಾರಕ್ಕೆ ಕೊಟ್ಟ ಆಂಗಲ್ 3 ಮಿ.ಮೀ. ದಪ್ಪ. ಅದನ್ನ ಆ 2 ಯು ಒಳಗೇ ಇಟ್ರೆ ಸರ್ವರಿನ ತಲೆ ಮೇಲಿನ ಯು ಒಳಗೆ ತೂರುತ್ತೆ, ಕಿವಿಯ ಸ್ಕ್ರೂ ತೂತಿಗೂ ಕೂರಲ್ಲ. ರ್ಯಾಕಿಗೆ ಅಂತ ಮಾಡೋ ಪ್ಯಾನೆಲ್ಲುಗಳನ್ನೇ ಒಂದು ಯುಗೆ ಪೂರ್ತಿ 14 ನೂಲು ಮಾಡಲ್ಲ, ಕಾಲು ನೂಲು ಕಮ್ಮಿ ಮಾಡ್ತಾರೆ, 43.66 ಮಿ.ಮೀ., ಒಂದಕ್ಕೊಂದು ಉಜ್ಜದೆ ಜಾರಿ ಕೂರಲಿ ಅಂತ. ಎಷ್ಟೇ ಯು ಇದ್ರೂ ಬಿಡೋದು ಆ ಕಾಲು ನೂಲು ಮಾತ್ರ. ಅಷ್ಟು ಸಣ್ಣ ಸಂದೀಲಿ ನಮ್ಮ ಕಬ್ಬಿಣ ತುರುಕೋಕಾಗಲ್ಲ. ಹಾಗಾಗಿ ಆಧಾರದ ಮೇಲ್ಮೈ ಸರಿಯಾಗಿ ಯು ಗಡಿಗೆ ಬರೋ ಹಾಗೆ ಇಳಿಸಿ, ದಪ್ಪ ಎಲ್ಲಾ ಕೆಳಗಿನ ಯುಗೆ ಹೋಗೋ ಹಾಗೆ ಮಾಡಿ, ಆ ಕೆಳಗಿನ ಯುವನ್ನ ಖಾಲಿ ಬಿಟ್ಟೆ. ಸರ್ವರ್ ತಳ್ಳಿದಾಗ ಕಿವಿ ಹೋಗಿ ಕಾಲಿಗೆ ಮುಟ್ಟಿ ನಾಲ್ಕೂ ಸ್ಕ್ರೂ ಕೈಯಲ್ಲೇ ತಿರುಗಿ ಒಳಗೆ ಹೋದವು, ಸ್ಕ್ರೂಡ್ರೈವರ್ ಕೊನೇ ಬಿಗಿಗೆ ಮಾತ್ರ. ಆಗ ಆದ ಸಮಾಧಾನ ದೊಡ್ಡದು.

ಎನ್‌ವಿಆರ್ ಲೆಕ್ಕಾನೂ ಹೇಳ್ಬೇಕು. ಅದು 1.5 ಯು, ಕಿವಿ ಇಲ್ಲ, ಶೆಲ್ಫ್ ಮೇಲೆ ಇಡಬೇಕು. ಶೆಲ್ಫ್ 1 ಯು, ಎನ್‌ವಿಆರ್ 1.5, ಹಾಗಾದ್ರೆ 3 ಯು ಬೇಕು ಅಂತ ಹುಡುಗ ಪಟ್ಟಿ ಮಾಡಿದ್ದ. ಆದ್ರೆ ನಮ್ಮ ಶೆಲ್ಫಿನ ತಟ್ಟೆ ಅದರ ಯುವಿನ ತಳದಲ್ಲಿದೆ, ಕಿವಿ ಮಾತ್ರ ಮೇಲಕ್ಕೆ ಇರೋದು, ಮೇಲಿನ ಜಾಗ ಖಾಲಿ, ಎನ್‌ವಿಆರ್ ಅದರೊಳಗೇ ಕೂರುತ್ತೆ. ತಟ್ಟೆ, ರಬ್ಬರ್ ಕಾಲು, ಡಬ್ಬಿ ಮೂರೂ ಸೇರಿ 88.9ರೊಳಗೆ ಬಂತು, 2 ಯುನಲ್ಲಿ ಮುಗೀತು. ಶೆಲ್ಫ್ ತಗೊಳ್ಳೋವಾಗ ತಟ್ಟೆ ಕಿವಿಯ ತಳದಲ್ಲಿದೆಯಾ ಇಲ್ಲಾ ತಲೆ ಮೇಲಿದೆಯಾ ಅಂತ ನೋಡಿ ತಗೊಳ್ಳಿ.

ಕೊನೆಗೆ ಕೂತಿದ್ದು ಹೀಗೆ, ಕೆಳಗಿಂದ ಎಣಿಸಿ: 1-2 ಯುಪಿಎಸ್, ಬ್ಯಾಟರಿ ಭಾರ ಇರೋದ್ರಿಂದ ಅದು ಕೆಳಗೇ ಇರಬೇಕು, ಕಿವಿ ನಂಬಬಾರದು ಅಂತ ಅದಕ್ಕೆ ಪಾಯದ ಪಟ್ಟಿಯೇ ಆಧಾರ. 3 ಖಾಲಿ, 4-5 ಸರ್ವರ್, 6 ಖಾಲಿ, 7-8 ಎನ್‌ವಿಆರ್, 9-10 ಮೋಡೆಮ್ ಶೆಲ್ಫ್, 11 ಖಾಲಿ, 12 ಸ್ವಿಚ್, 13 ಕೇಬಲ್ ಮ್ಯಾನೇಜರ್, 14 ಪ್ಯಾಚ್ ಪ್ಯಾನೆಲ್, 15 ಇನ್ನೊಂದು ಪ್ಯಾಚ್ ಪ್ಯಾನೆಲ್ ಬಂದ್ರೆ ಅಂತ. ಖಾಲಿ ಇರೋ 3, 6, 11ಕ್ಕೆ ಬ್ಲ್ಯಾಂಕ್ ಪ್ಯಾನೆಲ್ ಮುಚ್ಚಿದೀವಿ, ಇಲ್ಲಾಂದ್ರೆ ಹಿಂದೆ ಬಿಟ್ಟ ಬಿಸಿ ಗಾಳಿ ಆ ಸಂದೀಲಿ ಮುಂದೆ ಬಂದು ಮತ್ತೆ ಸರ್ವರ್ ಒಳಗೇ ಹೋಗುತ್ತೆ. ರ್ಯಾಕಿನ ಕಾಲಲ್ಲಿ ಪೇಂಟ್ ಕೆರೆದು ಅರ್ಥ್ ವೈರ್ ಕೊಟ್ಟಿದೀವಿ. ಮಿಲ್ಲಿನ ದೊಡ್ಡ ಮೋಟಾರ್ ಶುರು ಮಾಡ್ದಾಗ ಆಫೀಸ್ ಲೈಟ್ ಒಂದು ಸಲ ಮಂಕಾಗುತ್ತೆ, ಆಗ ಯುಪಿಎಸ್ ಟಕ್ ಅಂತ ಬ್ಯಾಟರಿಗೆ ಹೋಗಿ ವಾಪಸ್ ಬರುತ್ತೆ, ಮೇಲಿನ ಯಾವುದೂ ಅಲ್ಲಾಡಲ್ಲ. ನನಗಿರೋ ಚಿಂತೆ ತೌಡಿನ ಧೂಳಿಂದು. ಹೊಟ್ಟಿನ ಧೂಳು ಊದಿದ್ರೆ ಹೋಗುತ್ತೆ, ತೌಡಲ್ಲಿ ಎಣ್ಣೆ ಅಂಶ ಇರುತ್ತೆ, ಫ್ಯಾನಿನ ರೆಕ್ಕೆಗೆ ಮೆತ್ಕೊಂಡ್ರೆ ಬಟ್ಟೇಲಿ ಒರೆಸೇ ತೆಗೀಬೇಕು, ಅದಕ್ಕೆ ತಿಂಗಳಿಗೊಂದು ಸಲ ಬರ್ತೀನಿ ಅಂತ ಸಾಹುಕಾರ್ರಿಗೆ ಹೇಳಿದೀನಿ.

ಮೊದಲು ಸಮಸಮ ತೂತು ಹೊಡೆದು ಹಾಳಾದ ಆಂಗಲನ್ನ ಅಣ್ಣ ಗುಜರಿಗೆ ಹಾಕ್ಲಿಲ್ಲ, ಅಡ್ಡಪಟ್ಟಿಗೆ ಕತ್ತರಿಸಿ ಬಳಸಿದ್ರು, ರ್ಯಾಕಿನ ಹಿಂದೆ ಕೆಳಗೆ ನೋಡಿದ್ರೆ ಆ ತೂತುಗಳು ಕಾಣ್ತವೆ, ಕೇಬಲ್ ಟೈ ಕಟ್ಟೋಕೆ ಅವೇ ಅನುಕೂಲ ಆದವು. ಒಂದು ಅಡಿ ಪಟ್ಟಿ ಮೇಲೆ 5-5-4 ಸಾಲು ಹೊಡೆದು ಅಂಗಡಿ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದಾರೆ, ಮುಂದಿನ ರ್ಯಾಕಿಗೆ ಅಂತ. ನಮ್ಮ ಹುಡುಗ ಮುಂದಿನ ಎರಡು ಕಾಲಿಗೆ ಬಿಳಿ ಪೇಂಟಲ್ಲಿ ಪ್ರತಿ ಗಡಿಗೂ ಸಣ್ಣ ಗೆರೆ ಎಳೆದು 1ರಿಂದ 15 ನಂಬರ್ ಬರೆದಿದಾನೆ. ಹಿಂದಿನ ಕಾಲುಗಳಿಗೆ ಇನ್ನೂ ಬರೆದಿಲ್ಲ, ಮಿಲ್ಲಿಗೆ ರಜೆ ಇರೋ ದಿನ ನೋಡ್ಕೊಂಡು ಹೋಗಿ ಅದನ್ನೂ ಬರೀಬೇಕು.